ಸಾಲಿನ ಬಾಲ ಹಿಡಿದವಳು

ರಜೆಯ ದಿನ ಊಟ ಮಾಡಿ ಅಡ್ಡಾದರೆ ಈಗಲೂ ನನಗೆ ಆ ಡ್ರಮ್ಮು ಕೇಳುತ್ತದೆ. ಧುಮ್, ಟಕ್, ಧುಧುಮ್, ಟಕ್. ಅರೆನಿದ್ದೆಯಲ್ಲಿ ಕಾಪುವಿನ ನಮ್ಮ ತಗಡಿನ ಶೆಡ್ಡು ಕಾಣುತ್ತದೆ. ಬಾಗಿಲ ಸಂದಿಯಿಂದ ಸಮುದ್ರದ ಬಿಳಿ ಬೆಳಕು ಒಳಗೆ ಬಂದು ನೆಲದ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಬಲೆಗಳ ರಾಶಿಯ ಮೇಲೆ ಇಬ್ಬರು ಹುಡುಗರು ಕೂತಿರುತ್ತಾರೆ. ಮುಖ ಸರಿಯಾಗಿ ಕಾಣುವುದಿಲ್ಲ, ಬಂಗುಡೆ ಮೀನಿನ ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ. ಕನಸಿನಲ್ಲಿ ವಾಸನೆ ಬರುವುದಿಲ್ಲ ಎನ್ನುವವರನ್ನು ಹಿಡಿದು ಒಂದು ಮಧ್ಯಾಹ್ನ ಆ ಶೆಡ್ಡಿನಲ್ಲಿ ಕೂರಿಸಬೇಕಿತ್ತು.

ನನಗೀಗ ನಲವತ್ತು ಹತ್ತಿರ ಬಂತು. ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ನನ್ನ ಬೊಬ್ಬೆಗೆ ಪಕ್ಕದ ಕ್ಲಾಸಿನ ಮಕ್ಕಳೂ ಸುಮ್ಮನಾಗುತ್ತಾರೆ. ಈ ಟೀಚರ್ ಒಂದು ಕಾಲದಲ್ಲಿ ರ‍್ಯಾಪ್ ಹಾಡುವವರ ಜೊತೆಗಿದ್ದಳು ಎಂದು ಹೇಳಿದರೆ ಬಹುಶಃ ಒಬ್ಬನೂ ನಂಬಲಿಕ್ಕಿಲ್ಲ. ನಂಬಿಸುವ ಗರಜೂ ನನಗಿಲ್ಲ.

ನಾವು ಮೂವರು. ಒಬ್ಬ ಕುಕ್ಕುಂದೂರಿನವ, ಉಡುಪಿಯ ಕಾಲೇಜಿನಲ್ಲಿ ನನ್ನ ಕ್ಲಾಸಿನಲ್ಲೇ ಇದ್ದ. ಮಧ್ಯಾಹ್ನದ ಮೇಲೆ ಕಾರ್ಕಳ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಜನರ ಮೆಮರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುವ ಕೆಲಸ ಅವನದು. ಮಣಿಪಾಲದ ಹಾಸ್ಟೆಲ್ಲಿನ ಯಾರೋ ಹುಡುಗ ಕೋರ್ಸು ಮುಗಿಸಿ ಹೋಗುವಾಗ ಮಾರಿದ್ದ ಹಳೆಯ ಕಂಪ್ಯೂಟರ್ ಒಂದು ಆ ಅಂಗಡಿಗೆ ಬಂದಿತ್ತು. ಅದನ್ನು ಅಳಿಸಿ ಸ್ವಚ್ಛ ಮಾಡಬೇಕಾದವನು, ಒಳಗೆ ‘ಅಂಡರ್‌ಗ್ರೌಂಡ್’ ಎಂಬ ಫೋಲ್ಡರ್ ಕಂಡು ಕೈ ತಡೆದ. ಅದರ ತುಂಬ ನ್ಯೂಯಾರ್ಕಿನ ಹಾಡುಗಳು, ನಾವು ಹುಟ್ಟುವ ಹೊತ್ತಿಗೆ ಅಲ್ಲಿನ ಗಲ್ಲಿಗಳಲ್ಲಿ ಹುಡುಗರು ಹಾಡಿದ್ದವು. ನಮಗೆ ಅವುಗಳ ಇಂಗ್ಲಿಷು ಕಾಲುಭಾಗವೂ ಹಿಡಿಯುತ್ತಿರಲಿಲ್ಲ. ಡ್ರಮ್ಮು ಮಾತ್ರ ನೇರ ಎದೆಗೇ ಬಂತು. ಒಬ್ಬ ಹಾಡುತ್ತಿದ್ದರೆ ಉಳಿದವರು ಹಿಂದಿನಿಂದ ಹೋ ಎನ್ನುತ್ತ, ಕೆಣಕುತ್ತ, ನಗುತ್ತ ಇರುವುದು ಕೇಳುತ್ತಿತ್ತು. ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಂಥ ಗೆಳೆತನ ನನಗೂ ಬೇಕು ಅನ್ನಿಸುತ್ತಿತ್ತು.

ಇನ್ನೊಬ್ಬ ವಿಜಯಪುರದ ಕಡೆಯವ. ನಮ್ಮ ಕಾಲೇಜಿನ ಹೊಸ ಕಟ್ಟಡಕ್ಕೆ ಟೈಲ್ಸ್ ಹಾಸಲು ಬಂದಿದ್ದ. ನಾವಿಬ್ಬರು ಜಗಲಿಯಲ್ಲಿ ಕೂತು ಫೋನಿನಲ್ಲಿ ಆ ಹಾಡು ಕೇಳುತ್ತಿದ್ದಾಗ ಮೊಣಕಾಲೂರಿ ಕೆಲಸ ಮಾಡುತ್ತಿದ್ದವನು ಕರಣೆ ಕೆಳಗಿಟ್ಟು, ಇದು ನಮ್ಮೂರ ಗೀಗೀ ಪದ ಇದ್ದಂಗ ಐತಲ್ರೀ, ಎಂದ. ಅವನ ಅಜ್ಜ ಗೀಗೀ ಮೇಳದಲ್ಲಿದ್ದವರಂತೆ. ಮುಂದಿನವನು ಹಾಡಿದ ಸಾಲಿನ ಕೊನೆಯನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಮುಂದಿನವನಿಗೆ ಉಸಿರು ಸಿಗುತ್ತದೆ ಎಂದು ವಿವರಿಸಿದ. ಆಮೇಲೆ ಕೂತಲ್ಲೇ ನಾಲ್ಕು ಸಾಲು ಕಟ್ಟಿ ಹೇಳಿದ ನೋಡಿ, ನಾವು ಫೋನಿನ ಹಾಡು ನಿಲ್ಲಿಸಿ ಅವನ ಕಡೆ ತಿರುಗಿ ಕೂತೆವು. ನಮ್ಮ ಕನ್ನಡ ಪುಸ್ತಕದ್ದು, ಶಾಲೆಯಲ್ಲಿ ಕಲಿತದ್ದು. ಅವನದು ಬಾಯಿಂದ ಬಿಸಿಬಿಸಿಯಾಗಿ ಬರುತ್ತಿತ್ತು.

ಹಾಗೆ ಶುರುವಾಯಿತು. ಭಾನುವಾರ ಮಧ್ಯಾಹ್ನ ಕುಕ್ಕುಂದೂರಿನವ ಬೆಳ್ಮಣ್ ಮೇಲೆ ಪಡುಬಿದ್ರಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಕಾಪುವಿಗೆ ಬರುತ್ತಿದ್ದ. ಟೈಲ್ಸಿನವ ಮಣಿಪಾಲದಿಂದ ಬರುತ್ತಿದ್ದ. ನನ್ನ ಅಣ್ಣ ಬಲೆ, ಮೀನಿನ ಪೆಟ್ಟಿಗೆ ಇಡುವ ಶೆಡ್ಡನ್ನು ನಮಗೆ ಬಿಟ್ಟುಕೊಟ್ಟಿದ್ದ, ಬಾಗಿಲು ಪೂರ್ತಿ ಹಾಕಬಾರದು ಎಂಬ ಒಂದೇ ಶರತ್ತಿನ ಮೇಲೆ. ಸದ್ದು ಹೊರಗೆ ಹೋಗದಿರಲಿ ಎಂದು ಒಡೆದ ಥರ್ಮಾಕೋಲ್ ಮೀನಿನ ಪೆಟ್ಟಿಗೆಗಳನ್ನೆಲ್ಲ ತುಂಡು ಮಾಡಿ ಗೋಡೆಗೆ ಅಂಟಿಸಿದೆವು. ಥರ್ಮಾಕೋಲಿನಿಂದ ಸದ್ದು ನಿಲ್ಲುವುದಿಲ್ಲ ಎಂದು ಗೊತ್ತಾದದ್ದು ಎಷ್ಟೋ ತಿಂಗಳ ನಂತರ. ಅಷ್ಟರಲ್ಲಿ ನೆರೆಮನೆಯ ಹೆಂಗಸರಿಗೆ ನಮ್ಮ ಹಾಡೆಲ್ಲ ಬಾಯಿಪಾಠವಾಗಿತ್ತು. ಅಮ್ಮನಂತೂ ಮೀನು ಮಾರಿ ಬಂದು ಕಾಲು ಚಾಚಿ ಕೂತು, ಇವತ್ತಿನದ್ದು ಅಷ್ಟು ಒಳ್ಳೆಯದಿಲ್ಲ, ಹೋದ ವಾರದ್ದು ಲಾಯ್ಕಿತ್ತು ಎಂದು ತೀರ್ಪು ಕೊಡುತ್ತಿದ್ದಳು.

ಪ್ರೀತಿ ಗೀತಿ ಎಂತದೂ ಇರಲಿಲ್ಲ. ಊರಿನವರು ಕೇಳುವುದನ್ನು ಕೇಳಿದರು, ನಾನು ಹೇಳುವುದನ್ನು ಹೇಳಿದೆ, ಅಷ್ಟಕ್ಕೆ ಮುಗಿಯಿತು.

ಕುಕ್ಕುಂದೂರಿನವ ಅಂಗಡಿಯ ಕಂಪ್ಯೂಟರಿನಲ್ಲಿ ಡ್ರಮ್ಮು ಕಟ್ಟಿ ತರುತ್ತಿದ್ದ, ಟೈಲ್ಸಿನವ ಹಾಡುತ್ತಿದ್ದ. ನನ್ನ ಕೆಲಸ ಬಾಲ ಹಿಡಿಯುವುದು. ನಾವೇ ಇಟ್ಟ ಹೆಸರು ಅದು. ಟೈಲ್ಸ್ ಕತ್ತರಿಸುವಾಗಿನ ಧೂಳು ಕುಡಿದು ಕುಡಿದು ಅವನಿಗೆ ಆ ವಯಸ್ಸಿಗೇ ಉಸಿರು ಕಡಿಮೆ. ಸಾಲಿನ ತುದಿಗೆ ಬರುವಾಗ ಗಾಳಿ ಮುಗಿದಿರುತ್ತಿತ್ತು. ಆ ಕೊನೆಯ ಶಬ್ದವನ್ನು ನಾನು ಎತ್ತಿ ಹೇಳಬೇಕು. ಮೊದಮೊದಲು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದೆವು. ಆಮೇಲೆ ಅವನು ಕೊನೆಯ ಶಬ್ದವನ್ನು ನನಗೇ ಬಿಟ್ಟುಬಿಟ್ಟ. ಕೆಲವೊಮ್ಮೆ ಹೇಳದೆ ಕೇಳದೆ ಸಾಲನ್ನೇ ಬದಲಾಯಿಸಿ ತುದಿಗೆ ಬಂದು ನನ್ನ ಕಡೆ ನೋಡುತ್ತಿದ್ದ, ಈಗ ಹಿಡಿ ನೋಡೋಣ ಎಂಬಂತೆ. ನಾನು ಪ್ರಾಸ ಊಹಿಸಿ ಹಿಡಿಯಬೇಕು. ಹಿಡಿದರೆ ಮೂವರೂ ಬಲೆಯ ಮೇಲೆ ಬಿದ್ದು ನಗುತ್ತಿದ್ದೆವು. ತಪ್ಪಿದರೆ ನನಗೆ ಮಂಡೆ ಬಿಸಿ. ಅವನ ಬಾಯಿಂದ ಶಬ್ದ ಬರುವ ಮೊದಲೇ ನನಗೆ ಅದು ಗೊತ್ತಾಗುವಷ್ಟು ಅಭ್ಯಾಸವಾಯಿತು. ಹಾಡಿನಲ್ಲಿ ಮಾತ್ರವಲ್ಲ, ಚಹಾ ಕುಡಿಯುವಾಗಲೂ ಅವನ ಮಾತನ್ನು ನಾನೇ ಮುಗಿಸುತ್ತಿದ್ದೆ.

ಒಮ್ಮೆ ನಮ್ಮ ಹಾಡು ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಬಂತು. ಡ್ರೈವರ್ ಅಣ್ಣನ ದೋಸ್ತಿ. ನಾವು ಮೂವರು ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಹೊರಗೆ ಗದ್ದೆ, ತೆಂಗು, ಮೋಡದ ನೆರಳು ಎಲ್ಲ ನಮ್ಮ ತಾಳಕ್ಕೇ ಹಿಂದೆ ಸರಿದಂತೆ ಕಂಡಿತು. ಬೆಳ್ಮಣ್ಣಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಒಳಗೆ ಜಗಳ ಮಾಡುತ್ತಿರುವವರು ಯಾರು, ಯಾರೂ ಯಾಕೆ ಬಿಡಿಸುವುದಿಲ್ಲ ಎಂದು ಕಂಡಕ್ಟರನ್ನು ತುಳುವಿನಲ್ಲಿ ವಿಚಾರಿಸಿದರು. ಹಾಡು ಅಲ್ಲಿಗೆ ನಿಂತಿತು. ನಮ್ಮ ಕೀರ್ತಿಯ ಒಟ್ಟು ಆಯುಷ್ಯ ಅಷ್ಟೇ.

ನಮ್ಮ ಗುಂಪು ಒಡೆದದ್ದು ಹೇಗೆ ಎಂದು ಕೇಳಿದರೆ ಹೇಳುವಂಥದ್ದು ಎಂತದೂ ಇಲ್ಲ. ಕುಕ್ಕುಂದೂರಿನವ ಮಸ್ಕತ್ತಿಗೆ ಹೋದ. ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು. ಟೈಲ್ಸಿನವ ಊರಿನ ಹುಡುಗಿಯನ್ನು ಮದುವೆಯಾಗಿ ಮಣಿಪಾಲದಲ್ಲೇ ಮನೆ ಮಾಡಿ, ತಾನೇ ಕಾಂಟ್ರಾಕ್ಟ್ ಹಿಡಿಯತೊಡಗಿದ. ಹಬ್ಬಕ್ಕೆ ಮೆಸೇಜು, ಮತ್ತೆ ಅದೂ ಇಲ್ಲ.

ಹೋದ ವರ್ಷ ಟೈಲ್ಸಿನವನ ಹೆಂಡತಿಯ ಫೋನು ಬಂತು. ಅವನಿಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಗಿತ್ತು. ಬಲಗೈ, ಬಲಗಾಲು ತುಸು ಬಿದ್ದಿದೆ, ಅದು ಸರಿಯಾದೀತಂತೆ. ಮಾತು ಹೋಗಿದೆ.

“ಎಲ್ಲಾ ತಿಳಿತೈತ್ರಿ ಅಕ್ಕಾರ ಅವರಿಗೆ,” ಎಂದಳು. “ಬಾಯಾಗ ಬರೂದಿಲ್ಲ. ನಿಮ್ಮ ಕೂಡ ಹಾಡತಿದ್ರಂತಲ್ಲ, ಅದೇನರ ಇದ್ರ ತಗೊಂಡ ಬರ್ರಿ.”

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಹಾಗೆ ಹೇಳಿದ್ದಳಂತೆ. ಹಳೆಯ ಹಾಡಿನ ಜೊತೆ ಕೆಲವರಿಗೆ ಮಾತು ಮರಳುತ್ತದೆ, ಆದರೆ ಮೊದಲ ಕೆಲವು ತಿಂಗಳು ಮುಖ್ಯ, ತಡವಾದಷ್ಟೂ ಕಷ್ಟ ಎಂದು.

ನನ್ನ ಹಳೆಯ ಫೋನು ಸತ್ತು ಎಷ್ಟೋ ಕಾಲವಾಗಿತ್ತು. ಮಸ್ಕತ್ತಿಗೆ ಫೋನು ಮಾಡಿದೆ. ಅವನು ಎರಡು ದಿನ ಹುಡುಕಿ ಒಂದು ಹಳೆಯ ಡ್ರೈವಿನಿಂದ ಕಳಿಸಿದ್ದು ಡ್ರಮ್ಮು ಮಾತ್ರ. ಧ್ವನಿ ಇದ್ದ ಫೈಲುಗಳೆಲ್ಲ ಅಂಗಡಿಯ ಕಂಪ್ಯೂಟರಿನ ಜೊತೆಗೇ ಹೋಗಿದ್ದವು. “ನಿನಗೆ ಬಾಯಿಪಾಠ ಉಂಟಲ್ಲ ಮಾರಾಯ್ತಿ, ನೀನೇ ಹೇಳು,” ಎಂದ. ಎಲ್ಲಿಯ ಬಾಯಿಪಾಠ! ನನಗೆ ಉಳಿದದ್ದು ಬಾಲಗಳು. ರೊಟ್ಟಿ, ಬಟ್ಟಿ, ಹೊಟ್ಟಿ, ಹೀಗೆ ಸಾಲುಗಳ ತುದಿ. ಅವುಗಳ ಹಿಂದೆ ಏನಿತ್ತು ಎಂಬುದು ಅವನ ಬಾಯಲ್ಲಿತ್ತು. ಪೂರ್ತಿ ನೆನಪಿದ್ದದ್ದು ಇದೊಂದೇ:

ಇಟ್ಟಂಗಿ ಹೊತ್ತೇನಿ, ಸಿಮೆಂಟ ಕಲಸೇನಿ,
ನಿಮ್ಮ ಹಾಸ್ಟೆಲ್ ನೆಲದಾಗ ನನ್ನ ಮುಖ ಇಳಿಸೇನಿ.

ಮೊದಲ ಭಾನುವಾರ ಹೋದೆ. ಬೇರೆಬೇರೆ ಕೆಲಸದಲ್ಲಿ ಉಳಿದ ಟೈಲ್ಸ್ ತಂದು ಹಾಸಿದ ಮನೆ ಅದು, ಒಂದು ಚೌಕದ ಹಾಗೆ ಇನ್ನೊಂದಿಲ್ಲ. ಅವನು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ನನ್ನನ್ನು ಕಂಡು ಮುಖ ಅರ್ಧ ಅರಳಿತು. “ಹಂಗ,” ಎಂದ. ಅದೊಂದೇ ಶಬ್ದ ಉಳಿದಿತ್ತು. ನೀರು ಬೇಕಾದರೂ ಹಂಗ, ಸಿಟ್ಟು ಬಂದರೂ ಹಂಗ. ನಾನು ಗಾಬರಿಯಲ್ಲಿ ಒಂದು ಗಂಟೆ ಒಬ್ಬಳೇ ಮಾತಾಡಿದೆ. ಅವನು ಬಾಯಿ ತೆರೆದಾಗಲೆಲ್ಲ, ಸೆಖೆಯಾ, ಫ್ಯಾನು ಹಾಕಬೇಕಾ, ಮಗನ ಶಾಲೆಯ ವಿಷಯವಾ ಎಂದು ನಾನೇ ಮುಗಿಸಿದೆ. ಕೊನೆಗೆ ಅವನು ಗೋಡೆಯ ಕಡೆ ತಿರುಗಿ ಕೂತ. ಉಡುಪಿಯ ಬಸ್ಸಿನಲ್ಲಿ ಬರುವಾಗ ಮುಖಕ್ಕೆ ಸೆರಗು ಹಿಡಿದು ಅತ್ತೆ.

ಎರಡನೆಯ ಭಾನುವಾರ ಡ್ರಮ್ಮು ಹಾಕಿ ಆ ಎರಡು ಸಾಲು ಹೇಳಿದೆ. ಹತ್ತು ಸಲ ಹೇಳಿದೆ. ಅವನ ಎಡಗೈ ಕುರ್ಚಿಯ ತೋಳಿನ ಮೇಲೆ ತಾಳ ಹಿಡಿಯಿತು, ಒಂದು ಪೆಟ್ಟೂ ತಪ್ಪಲಿಲ್ಲ. ತುಟಿ ಮಾತ್ರ ಅಲುಗಲಿಲ್ಲ. ಅವತ್ತು ಮಾತು ಕಲಿಸುವ ಹುಡುಗಿ ಮನೆಗೆ ಬಂದಿದ್ದಳು. ಎಲ್ಲ ನೋಡಿ, ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು:

“ಮೇಡಂ, ಬೇಸರ ಮಾಡಬೇಡಿ. ಅವರ ಮಾತನ್ನು ನೀವು ಮುಗಿಸಿಕೊಡಬೇಡಿ.”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಜೀವಮಾನದಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ ವಿದ್ಯೆ, ಅದನ್ನೇ ಈ ಪುಟ್ಟ ಹುಡುಗಿ ಬೇಡ ಎನ್ನುತ್ತಿದ್ದಾಳೆ. ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದಾಗ ಸಿಟ್ಟು ಇಳಿದು ಹೆದರಿಕೆಯಾಯಿತು. ಹತ್ತು ಸಲ ಹೇಳಿದಾಗಲೂ ‘ಇಳಿಸೇನಿ’ ಎಂಬ ಬಾಲವನ್ನು ನಾನೇ ಹಿಡಿದಿದ್ದೆ. ಅವನಿಗೆ ಎಲ್ಲಿ ಜಾಗ ಬಿಟ್ಟಿದ್ದೆ?

ಆ ವಾರ ನಾನೇ ಬರೆಯಲು ಕೂತೆ. ಅದುವರೆಗೆ ನನ್ನದು ಎಂದು ಒಂದು ಸಾಲೂ ಇರಲಿಲ್ಲ. ಗೊತ್ತಿರುವ ಸಾಲಿನ ಬಾಲವನ್ನು ಬಿಟ್ಟುಕೊಡಲು ನನ್ನ ಬಾಯಿಗೆ ಆಗುವುದಿಲ್ಲ, ಹೊಸದಾದರೆ ಆದೀತೇನೋ ಎಂದುಕೊಂಡೆ. ಉತ್ತರ ಪತ್ರಿಕೆ ತಿದ್ದುವುದನ್ನು ಬದಿಗಿಟ್ಟು ನಾಲ್ಕು ದಿನದಲ್ಲಿ ಎಂಟು ಸಾಲು ಕಟ್ಟಿದೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂತು. ಭಾರೀ ಬರೆದುಬಿಟ್ಟೆ ಅನ್ನಿಸಿತು.

ಮೂರನೆಯ ಭಾನುವಾರ ಫೋನನ್ನು ಕಿಟಕಿಯಲ್ಲಿಟ್ಟು ಡ್ರಮ್ಮು ಹಾಕಿ ಎದುರು ನಿಂತೆ. ಮೊದಲ ಸಾಲೇ ತಾಳ ತಪ್ಪಿತು. ಅವನು ಕಣ್ಣು ಮುಚ್ಚಿಕೊಂಡ, ನೋವಾದವನ ಹಾಗೆ. ಎರಡನೆಯದೂ ತಪ್ಪಿತು. ಸಿಟ್ಟಿನಿಂದ ಜೋರಾಗಿ ಹೇಳಿದೆ. ಜೋರಾದಷ್ಟೂ ಉಸಿರು ಸಾಲದಾಯಿತು. ಬಾಲ ಬಿಡಬೇಕು ಎಂದು ನೆನಪಿದ್ದರೂ ಪ್ರತಿ ಸಲ ಬಾಯಿ ತಾನೇ ಮುಗಿಸುತ್ತಿತ್ತು. ಕೊನೆಯ ಎರಡು ಸಾಲು ಬಂತು:

ಇವನು ಹಾಸಿದ ನೆಲದ ಮೇಲೆ ನಡೆಯುತ್ತಿದೆ ಊರು,
ಇವನ ಮನೆಯ ಒಳಗೆ ಮಾತ್ರ ದಿನಾ ಬರೀ…

ಉಸಿರೇ ಮುಗಿಯಿತು. ಎದೆಯ ಮೇಲೆ ಕೈಯಿಟ್ಟು ನಿಂತೆ. ಬಿಡಬೇಕು ಎಂದು ಬಿಟ್ಟದ್ದಲ್ಲ, ಆಗಲಿಲ್ಲ ಅಷ್ಟೆ. ಡ್ರಮ್ಮು ಅದರ ಪಾಡಿಗೆ ನಡೆಯುತ್ತಿತ್ತು.

“ಸಾರು,” ಎಂದ ಅವನು.

ಸ್ವಲ್ಪ ತೊದಲಿತ್ತು. ಆದರೆ ಸರಿಯಾಗಿ ತಾಳದ ಮೇಲೆ ಬಿತ್ತು.

ನಾನು ಬರೆದದ್ದು ‘ಕಣ್ಣೀರು’. ನುಂಗಲು ಕಷ್ಟವೆಂದು ಆಸ್ಪತ್ರೆಯಲ್ಲಿ ಹೇಳಿದ್ದಕ್ಕೆ ಎರಡೂವರೆ ತಿಂಗಳಿನಿಂದ ಅವನಿಗೆ ಮೆತ್ತಗಿನ ಅನ್ನ, ತಿಳಿ ಸಾರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸೌಟು ಹಿಡಿದುಕೊಂಡೇ ಮುಂದೆ ಬಂದಳು.

“ಬರೇ ಸಾರ ಮಾಡತೀನೇನ್ರಿ ನಾ? ಮೊನ್ನೆ ಪಲ್ಯ ಮಾಡಿದ್ದಿಲ್ಲೇನು?” ಎಂದು ಬೈಯತೊಡಗಿದಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನು ಅರ್ಧ ಮುಖದಲ್ಲಿ ನಗುತ್ತಿದ್ದ. ನನಗಂತೂ ನಾಚಿಕೆ, ಸಂತೋಷ, ಅಳು ಎಲ್ಲ ಒಟ್ಟಿಗೇ ನುಗ್ಗಿ ಬಂತು. ನಾಲ್ಕು ದಿನ ಕೂತು ಬರೆದ ನನ್ನ ಸಾಲನ್ನು ಒಂದೇ ಶಬ್ದದಲ್ಲಿ ಎತ್ತಿ ಬಿಸಾಡಿದ್ದ. ಅವನದೇ ಒಳ್ಳೆಯದಿತ್ತು.

ಅವಳು ಅವನ ಎದುರು ನೆಲದ ಮೇಲೆ ಕೂತಳು. “ಮತ್ತೇನ ಮಾಡಲಿ, ನೀವೇ ಹೇಳ್ರಿ,” ಎಂದಳು.

ಅವನು ಬಾಯಿ ತೆರೆದ. ತುಟಿ ನಡುಗಿತು, ಹಣೆಯಲ್ಲಿ ಬೆವರು ಕಂಡಿತು. ಅವನಿಗೆ ಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಶೆಡ್ಡಿನಲ್ಲಿ ಕೂತು ಊರಿನ ಕಡಲೆಹಿಟ್ಟಿನ ಜುಣಕದ ಬಗ್ಗೆ ಅವನು ಎಷ್ಟು ಸಲ ಹೇಳಿರಲಿಲ್ಲ! ಆ ಶಬ್ದ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ತುಟಿ ಬಿಗಿದು, ಅವನ ಹೆಂಡತಿಯ ಪಕ್ಕ ಆ ನೆಲದ ಮೇಲೆ ಕೂತು, ಕಾದೆ.