ಗಾಜಿನಕ್ಕನ ಕಿವಿ
ಗಟ್ಟಿಯಾಗಿ ಸೀನಿದರೂ ಪಕ್ಕೆಲುಬು ಮುರಿಯುವಂಥ ಮೂಳೆಯ ಆ ದರ್ಜಿಯನ್ನು ಬೀದಿಯವರು ಗಾಜಿನಕ್ಕ ಎನ್ನುತ್ತಿದ್ದರು. ಜಗಳಕ್ಕೆ ನಿಂತರೆ ಮಾತ್ರ ಉಕ್ಕು. ಕಿವಿಯೊಳಗಿನ ಪುಟ್ಟ ಮೂಳೆಯೂ ಕೆಟ್ಟು ಕೇಳಿಸುವುದು ನಿಂತಾಗ, "ಇರೋ ಮೂಳೆ ಜೋಪಾನ ಮಾಡ್ಕೊಳ್ಳಮ್ಮ, ಆಪರೇಷನ್ ಯಾಕೆ?" ಎಂದು ಚೀಟಿಯಲ್ಲಿ ಬರೆದು ತೋರಿಸುವ ವೈದ್ಯರಿಗೆಲ್ಲ, "ಹಾಗಾದ್ರೆ ನಿಮ್ಮ ಕಿವಿ ಕೊಡಿ" ಎಂದು ಗದರಿ ಎದ್ದು ಬರುತ್ತಿದ್ದಳು. ಇಷ್ಟು ಹಟ ಯಾಕೆಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಮಗಳಿಗೂ ಅದೇ ಗಾಜಿನಂಥ ಮೂಳೆ. ಪಕ್ಕದ ಕೋಣೆಯಲ್ಲಿ ಬಿದ್ದು ಅವಳು ಕೂಗಿಕೊಂಡಿದ್ದು ಒಮ್ಮೆ ಅಮ್ಮನಿಗೆ ಕೇಳಿಸಿರಲಿಲ್ಲ. ಕೊನೆಗೊಬ್ಬ ವೈದ್ಯೆ ಒಪ್ಪಿ, ಕೆಟ್ಟ ಮೂಳೆಯ ಜಾಗದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಕಡ್ಡಿ ಕೂರಿಸಿದರು. ಗಾಯ ಮಾಗಿದ ಮೇಲೊಂದು ಮಧ್ಯಾಹ್ನ ಒಳಗಿನಿಂದ "ಅಮ್ಮಾ!" ಎಂದು ಕೇಳಿಸಿತು. ಗೋಡೆ ಹಿಡಿದು ನಡೆಯುವ ಗಾಜಿನಕ್ಕ ಕತ್ತರಿ ಬಿಸಾಕಿ ಓಡಿದಳು. "ಬಿದ್ದಿಲ್ಲಮ್ಮ, ಸುಮ್ನೆ ಕರ್ದೆ," ಎಂದಳು ಮಗಳು.