ಚೊಕ್ಕಟವಾಗಿ ವಾಪಸ್ ಬಂದ ಮನೆಗಾಡಿ

ಗಾಡಿ ಇಷ್ಟೊಂದು ಚೊಕ್ಕಟವಾಗಿ ವಾಪಸ್ ಬರಬಾರದಿತ್ತು.

ಬೆಳಗಿನ ಆರು ಗಂಟೆ. ಏಳನೇ ನಂಬರಿನ ಗಾಡಿಯ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಸ್ವೆಟರಿನ ತೋಳು ಮಡಚಿಕೊಳ್ಳುತ್ತ ಕೀ ಅಕ್ಕ ತಮಗೆ ತಾವೇ ಹೇಳಿಕೊಳ್ಳುತ್ತಿರುವ ಮಾತು ಇದು. ಇನ್ನೊಬ್ಬರ ಕಿವಿಗೆ ಹಾಕುವಂಥದ್ದಲ್ಲ. ಕೇಳಿದವರು ನಕ್ಕುಬಿಡುತ್ತಾರೆ. ಗುಡಿಸಿ ಒರೆಸುವವರಿಗೆ ಕಸ ಇಲ್ಲ ಅಂತ ಚಿಂತೆಯಂತೆ!

ಒಳಗೆ ಹೋಗಿ ಒಂದೊಂದನ್ನೇ ನೋಡುತ್ತಾರೆ. ಒಲೆಯ ಸುತ್ತ ಎಣ್ಣೆಯ ಹನಿಯೂ ಸಿಡಿದಿಲ್ಲ. ಬಚ್ಚಲಿನ ಜಾಲರಿಯಲ್ಲಿ ಒಂದು ಕೂದಲೆಳೆ ಇಲ್ಲ. ಮಡಚುವ ಕುರ್ಚಿಗಳನ್ನು ಒರಗಿಸಿಟ್ಟಿದ್ದ ಮಣ್ಣಿನ ಗುರುತು ಮಾತ್ರ ಇದೆ. ನೀರಿನ ಟ್ಯಾಂಕಿನ ಮಟ್ಟ ತೋರಿಸುವ ಐದು ದೀಪಗಳಲ್ಲಿ ನಾಲ್ಕು ಇನ್ನೂ ಉರಿಯುತ್ತಿವೆ. ಮೇಲಿನ ಗೂಡಿನಲ್ಲಿ ಕುಡಿಯುವ ನೀರಿನ ಆರು ಬಾಟಲಿಗಳು. ಐದರ ಮುಚ್ಚಳ ಯಾರೂ ತಿರುಗಿಸಿಲ್ಲ. ಕೀ ಅಕ್ಕ ಹೊರಗೆ ಬಂದು, ಮೊಣಕಾಲೂರಿ, ಗಾಡಿಯ ಪಕ್ಕೆಯಲ್ಲಿರುವ ಪುಟ್ಟ ಬಾಗಿಲು ತೆಗೆದು ಕಕ್ಕಸಿನ ಡಬ್ಬಿಯನ್ನು ಎಳೆಯುತ್ತಾರೆ. ಅಲುಗಾಡಿಸಿ ನೋಡುತ್ತಾರೆ. ಗುರುವಾರ ತಾವೇ ಸುರಿದ, ನಾತ ತಡೆಯುವ ನೀಲಿ ಔಷಧ ಸುರಿದಷ್ಟೇ ಇದೆ; ಡಬ್ಬಿಗೆ ಬೇರೇನೂ ಬಿದ್ದಿಲ್ಲ.

ಇಬ್ಬರು ಮನುಷ್ಯರು ಮೂರು ರಾತ್ರಿ ಕಳೆದ ಗಾಡಿ ಇದು. ಹನ್ನೊಂದು ಗಂಟೆಗೆ ಅದೇ ಗಂಡ ಹೆಂಡತಿ ಇದೇ ಗಾಡಿಯನ್ನು ಕೊಳ್ಳಲು ಬರುತ್ತಾರೆ. ಅದಕ್ಕಾಗಿ ಇರುವ ಒಂದು ಮನೆಯನ್ನು ಮಾರಲು ಮಾತು ಕೊಟ್ಟಾಗಿದೆ. ತನಗೆ ಗೊತ್ತಾದದ್ದನ್ನು ಅವರಿಗೆ ಹೇಳಬೇಕೋ, ಬಾಯಿ ಮುಚ್ಚಿಕೊಂಡು ಕೀ ಕೊಡಬೇಕೋ? ಡಬ್ಬಿಯನ್ನು ಮತ್ತೆ ಒಳಗೆ ತಳ್ಳಿ ಕೀ ಅಕ್ಕ ಸ್ವಲ್ಪ ಹೊತ್ತು ನೆಲದ ಮೇಲೇ ಕೂರುತ್ತಾರೆ. ಏಳಲು ಸೊಂಟ ಒಪ್ಪುವುದಿಲ್ಲ.

ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಮೋಟಾರ್‌ಹೋಮಿಗೆ ಇಲ್ಲಿ ಎಲ್ಲರೂ ಹೇಳುವುದು ಮನೆಗಾಡಿ ಎಂದೇ. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಹನ್ನೊಂದು ಗಾಡಿಗಳು ಸಾಲಾಗಿ ನಿಂತಿವೆ. ಬಾಡಿಗೆಗೆ ಹೋಗುತ್ತವೆ, ಬರುತ್ತವೆ. ಹಳೆಯದಾದವನ್ನು ಯಜಮಾನರು ಮಾರುತ್ತಾರೆ. ಕೊಳ್ಳುವ ಆಸೆಯಿದ್ದವರು ಮೊದಲು ಕೆಲವು ದಿನ ಬಾಡಿಗೆಗೆ ಒಯ್ದು ನೋಡುವುದು ಇಲ್ಲಿನ ವಾಡಿಕೆ. ಹಾಗೆ ಮೊದಲ ಬಾರಿ ಬಂದವರಿಗೆ ಎಲ್ಲವನ್ನೂ ತೋರಿಸಿ, ಕಲಿಸಿ, ಕೀ ಕೈಗಿಡುವುದು ಐವತ್ತೆರಡು ವರ್ಷದ ಈ ಹೆಂಗಸಿನ ಕೆಲಸ. ಹಾಗಾಗಿಯೇ ಆ ಹೆಸರು. ಒಂಬತ್ತು ವರ್ಷಗಳಿಂದ ಅಂಗಳದಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆದವರಿಲ್ಲ.

ಒಂದು ಗಾಡಿ ತೋರಿಸಿ ಮುಗಿಸಲು ಒಂದೂಮುಕ್ಕಾಲು ಗಂಟೆ ಬೇಕು. ಅರವತ್ತನಾಲ್ಕು ಅಂಶಗಳ ಪಟ್ಟಿ ಇದೆ. ಅದು ಅವರಿಗೆ ಬಾಯಿಪಾಠ. ಹೊರಡುವ ಮೊದಲು ಛಾವಣಿಯ ಕಿಟಕಿ ಮುಚ್ಚಿ. ಮೆಟ್ಟಿಲು ಒಳಗೆ ಎಳೆಯಿರಿ. ಕರೆಂಟಿನ ವಯರು ಬಿಚ್ಚಿ. ಗೂಡುಗಳ ಚಿಲಕ ಒತ್ತಿ, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ತಟ್ಟೆಗಳೆಲ್ಲ ತಲೆಯ ಮೇಲೆ. ವಾರಕ್ಕೆ ನಾಲ್ಕು ಗಾಡಿ ಹೊರಡುತ್ತವೆ, ನಾಲ್ಕು ಬರುತ್ತವೆ. ದಿನಕ್ಕೆ ನೂರಕ್ಕೂ ಹೆಚ್ಚು ಬಾರಿ ಮೆಟ್ಟಿಲು ಹತ್ತಿ ಇಳಿಯುವ ಕಾಲಿನ ಹಿಮ್ಮಡಿ ಬೆಳಿಗ್ಗೆ ನೆಲ ಮುಟ್ಟಿದರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಸೋಪಿನ ನೀರಿಗೆ ಬೆರಳುಗಳ ಸಂದುಗಳು ಬಿರಿದಿವೆ.

"ಕೆಲಸಕ್ಕಿಂತ ಜೋಕುಗಳೇ ಸುಸ್ತು ಮಾಡತ್ವೆ," ಎನ್ನುತ್ತಾರೆ. "ಮಂಚ ತೋರಿಸಿದ ತಕ್ಷಣ ಪ್ರತಿ ಗಂಡಸೂ ಅದೇ ಹೇಳೋದು. 'ಜಗಳ ಆಡಿದ್ರೆ ಹೊರಗೆ ಹೋಗಿ ಮಲಗಬೇಕಲ್ಲಮ್ಮಾ!' ಒಂಬತ್ತು ವರ್ಷದಿಂದ ನಗ್ತಾ ಇದೀನಿ. ಅದೂ ಪಟ್ಟೀಲಿ ಅರವತ್ತೈದನೇದು ಅನ್ಕೊಂಡುಬಿಟ್ಟಿದೀನಿ."

ಪಟ್ಟಿ ಒಪ್ಪಿಸುವಾಗ ಬಿಟ್ಟರೆ ಅವರು ಮಾತಿನವರಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ. ಗಂಡ ಕ್ಯಾಂಟೀನಿನ ಅಡುಗೆಯವರು, ನಾಲ್ಕು ಗಂಟೆಗೇ ಹೊರಟುಬಿಡುತ್ತಾರೆ. ಕಿಟಕಿಯ ಪಕ್ಕ ನಾದಿನಿಯ ಹೊಲಿಗೆ ಮಿಷನ್ನು; ಗಾಡಿಗಳ ಪರದೆ, ದಿಂಬಿನ ಚೀಲಗಳೆಲ್ಲ ಅಲ್ಲೇ ತಯಾರು. ಹಗಲು ಹಾಸಿಗೆ ಮಡಚಿದರೆ ಕೂರಲು ಜಾಗ, ಹೊಲಿಗೆ ಎತ್ತಿಟ್ಟರೆ ಊಟಕ್ಕೆ ಜಾಗ. "ನಮ್ಮದೂ ಮನೆಗಾಡೀನೇ ಅತ್ತಿಗೆ, ಚಕ್ರ ಒಂದಿಲ್ಲ ಅಷ್ಟೆ," ಎಂದು ನಾದಿನಿ ರೇಗಿಸುತ್ತಾರೆ. ಕೀ ಅಕ್ಕ ಬರಿದೆ ತಲೆಯಾಡಿಸಿದರೆ, "ಅಯ್ಯೋ, ನಿಮ್ಮ ಬಾಯಿಗೂ ಒಂದು ಚಿಲಕ ಇದ್ಯಾ? ಎಲ್ಲಿ ಒತ್ತಬೇಕು ಹೇಳಿ, ತೆಗೀತೀನಿ," ಎಂಬ ಇನ್ನೊಂದು ಏಟು.

ಇದಕ್ಕೆ ಮೊದಲು ಎಂಟು ವರ್ಷ ಹೆದ್ದಾರಿಯ ಟೋಲ್ ಗೇಟಿನಲ್ಲಿದ್ದರು. ಗಾಜಿನ ಗೂಡು, ಎತ್ತರದ ಕುರ್ಚಿ, ಹನ್ನೆರಡು ತಾಸಿನ ಪಾಳಿ. ಶೌಚಾಲಯ ಆರು ಸಾಲು ವಾಹನಗಳ ಆಚೆ ದಡದಲ್ಲಿ. ಹೋಗಬೇಕೆಂದರೆ ಬದಲಿಗೆ ಒಬ್ಬರು ಬಂದು ಕೂರಬೇಕು. ಮೇಲ್ವಿಚಾರಕನ ಹತ್ತಿರ ಬಾಯಿಬಿಟ್ಟು ಕೇಳಬೇಕು. ಕೇಳಲು ನಾಚಿಕೆ. ಆದ್ದರಿಂದ ನೀರು ಕುಡಿಯುವುದನ್ನೇ ಬಿಟ್ಟರು. "ಬೆಳಿಗ್ಗೆ ಅರ್ಧ ಲೋಟ. ಆಮೇಲೆ ಮನೆಗೆ ಬಂದ ಮೇಲೇ. ಬಾಯಿ ಒಣಗಿದ್ರೆ ತುಟಿ ಒದ್ದೆ ಮಾಡ್ಕೊಳ್ಳೋದು. ಅಭ್ಯಾಸ ಆಗೋಗತ್ತೆ. ಗಂಡಸರಿಗೆ ಇದು ಗೊತ್ತಾಗಲ್ಲ ಬಿಡಿ, ಅವರಿಗೆ ರಸ್ತೆ ಬದಿ ಒಂದು ಮರ ಸಾಕು."

ಮೂತ್ರಪಿಂಡದಲ್ಲಿ ಕಲ್ಲು ಬೆಳೆದು ಆಸ್ಪತ್ರೆ ಸೇರಿದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ, "ಬೇಕಾದಷ್ಟು" ಎಂದರಂತೆ. ಅಲ್ಲೂ ನಿಜ ಹೇಳಲಾಗಲಿಲ್ಲ. ಇದನ್ನು ಹೇಳುವಾಗ ಈಗಲೂ ತಲೆ ತಗ್ಗಿಸಿ, ಕೈಯಲ್ಲಿರುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತಾರೆ. ಎಲ್ಲರೂ ಮೂಗು ಹಿಡಿದುಕೊಳ್ಳುವ ಆ ಡಬ್ಬಿಯ ಬಗ್ಗೆ ಅವರಿಗೆ ಮಾತ್ರ ಅಸಹ್ಯವಿಲ್ಲ. ಹೆಂಗಸೊಬ್ಬಳು ಯಾರನ್ನೂ ಕೇಳದೆ, ಬೇಕೆಂದಾಗ ಎದ್ದು ಹೋಗಬಹುದಲ್ಲ, ಗಾಡಿಯಲ್ಲಿ ಅದಕ್ಕಿಂತ ದೊಡ್ಡ ಸೌಕರ್ಯ ಯಾವುದು ಎಂಬುದು ಅವರ ಪ್ರಶ್ನೆ.

ಹೀಗಾಗಿ ವಾಪಸ್ ಬಂದ ಗಾಡಿಯನ್ನು ಅವರು ತೊಳೆಯುವುದಷ್ಟೇ ಅಲ್ಲ, ಓದುತ್ತಾರೆ. ಸಾರು ಚೆಲ್ಲಿದ್ದರೆ ಸಂತೋಷ, ಒಳಗೆ ಅಡುಗೆಯಾಗಿದೆ. ಬಚ್ಚಲು ಕಟ್ಟಿಕೊಂಡಿದ್ದರೆ ಇನ್ನೂ ಒಳ್ಳೆಯದು. "ಕೊಳೆ ಆಗಿದ್ರೆ ಬದುಕಿದಾರೆ ಅಂತ ಲೆಕ್ಕ. ಮೊದಲ ಸಲ ಒಯ್ಯೋರಿಗೆ ನಾನು ಹೇಳೋದು ಇಷ್ಟೇ. ದೂರ ಹೋಗಬೇಡಿ. ಮಳೆ ಬಂದ್ರೆ ಓಡಿ ಬರಬೇಡಿ, ಒಳಗೇ ಕೂತು ನೋಡಿ. ಕೊಳ್ಳೋ ಗಾಡೀಲಿ ಎಂಥಾ ಮಂಚ ಇರತ್ತೋ ಅಂಥದ್ರಲ್ಲೇ ಮಲಗಿ. ಒಂದು ಸಲ ಜಗಳ ಆಡಿ, ಬಾಗಿಲು ಹಾಕ್ಕೊಂಡು, ಒಳಗೇ ರಾಜಿ ಆಗಿ. ಆಮೇಲೆ ಕೊಳ್ಳಿ." ಕೊಳ್ಳುವವರನ್ನು ಮೊದಲೊಂದು ರಾತ್ರಿ ಈ ಅಂಗಳದಲ್ಲೇ ಮಲಗಿಸಬೇಕು ಎಂಬುದೊಂದು ಆಸೆ ಅವರಿಗಿದೆ. ಯಜಮಾನರಿಗೆ ಇನ್ನೂ ಹೇಳಿಲ್ಲ.

ಯಜಮಾನರು ಕೆಟ್ಟವರಲ್ಲ. ಸೊಂಟನೋವೆಂದರೆ ರಜೆ ಕೊಡುತ್ತಾರೆ. ಆದರೆ ಒಂದು ಮಾತನ್ನು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದಾರೆ: "ನೀನು ಗಾಡಿ ತೋರಿಸಮ್ಮ, ಅಭಿಪ್ರಾಯ ತೋರಿಸಬೇಡ."

ಕೀ ಅಕ್ಕ ಅದರಂತೆಯೇ ನಡೆದುಕೊಂಡು ಬಂದಿದ್ದಾರೆ. ಕಳೆದ ವರ್ಷ ಒಂದು ಜೋಡಿ ಹೀಗೆಯೇ ಬಾಡಿಗೆಗೆ ಒಯ್ದು, ವಾಪಸ್ ತಂದು, ಮರುದಿನ ಕೊಂಡಿತು. ದೊಡ್ಡ ಮಂಚ ಇದ್ದೂ ಊಟದ ಮೇಜನ್ನು ಮಡಚಿ ಎರಡನೇ ಹಾಸಿಗೆ ಹಾಕಿದ್ದು ಕೀ ಅಕ್ಕನ ಕಣ್ಣಿಗೆ ಬಿದ್ದಿತ್ತು. ಸುಮ್ಮನಿದ್ದರು. ಒಂಬತ್ತು ತಿಂಗಳ ಮೇಲೆ ಹೆಂಡತಿ ಒಬ್ಬರೇ ಗಾಡಿ ಮಾರಲು ಬಂದರು. ಇರಲು ಮನೆಯೂ ಇಲ್ಲ, ಗಾಡಿಯೂ ಬೇಡ. ಹೊರಡುವಾಗ ತಿರುಗಿ ನಿಂತು, "ನೀವು ಅವತ್ತೇ ನನ್ನ ಮುಖ ನೋಡ್ತಾ ಇದ್ರಿ. ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು. ಕೀ ಅಕ್ಕ ತಿರುಗಿ, ಕೀಯನ್ನು ಗೋಡೆಗೆ ನೇತುಹಾಕಿದರು. ಆ ಪ್ರಶ್ನೆ ಇನ್ನೂ ಅವರನ್ನು ಬಿಟ್ಟಿಲ್ಲ. ಊಟಕ್ಕೆ ಕೂತಾಗಲೂ ಒಮ್ಮೊಮ್ಮೆ ಅಡ್ಡ ಬರುತ್ತದೆ.

ಏಳನೇ ನಂಬರಿನ ಗಾಡಿ ಒಯ್ದವರು ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮೆಕ್ಯಾನಿಕ್ ಮತ್ತು ಅವರ ಹೆಂಡತಿ. "ನಲವತ್ತು ವರ್ಷ ಬರೀ ಮೇಲೆ ಕೆಳಗೆ ಓಡಾಡಿದೀನಿ ಕಣಮ್ಮ. ಇನ್ನೇನಿದ್ರೂ ಮುಂದಕ್ಕೆ!" ಎಂದು ಗುರುವಾರ ಮೆಕ್ಯಾನಿಕ್ ಸ್ಟೀರಿಂಗ್ ತಟ್ಟಿ ನಕ್ಕಿದ್ದರು. ಅರವತ್ತೊಂದರ ವಯಸ್ಸಿನಲ್ಲೂ ಹುಡುಗನ ಹುರುಪು. ಹೆಂಡತಿ ಮೆಟ್ಟಿಲು ಹತ್ತುವಾಗ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಈ ಗಾಡಿಯ ಮಂಚ ಮೂಲೆಯಲ್ಲಿದೆ. ಮೂರು ಕಡೆ ಗೋಡೆ. ಒಳಗೆ ಮಲಗಿದವರು ಏಳಬೇಕಾದರೆ ಹೊರಗೆ ಮಲಗಿದವರನ್ನು ದಾಟಬೇಕು.

"ನಾನು ಈಚೆ ಕಡೆ. ಬೆಳಿಗ್ಗೆ ಬೇಗ ಎದ್ದು ಸೂರ್ಯ ಹುಟ್ಟೋದು ನೋಡಬೇಕು," ಎಂದರು ಮೆಕ್ಯಾನಿಕ್.

"ನಾನು ರಾತ್ರಿ ಎದ್ರೆ?" ಎಂದು ಹೆಂಡತಿ ಕೇಳಿದರು.

"ಎಬ್ಬಿಸು. ನಾನೇನು ಬಂಡೆಯೇನೇ?"

ಕೀ ಅಕ್ಕ ಮುಂದಿನ ಅಂಶಕ್ಕೆ ಹೋದರು. ನಲವತ್ತೊಂದನೆಯದು, ಅಡುಗೆ ಅನಿಲದ ತಿರುಪು.

ಈಗ ಹನ್ನೊಂದು ಗಂಟೆ. ತಗಡಿನ ಆಫೀಸು ಕೋಣೆಯಲ್ಲಿ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಕೀಗಳ ಸಾಲು. ಯಜಮಾನರು ಕಾಗದಗಳನ್ನು ಜೋಡಿಸಿಟ್ಟಿದ್ದಾರೆ. ಮೆಕ್ಯಾನಿಕ್ಕಿನ ಮಾತಿಗೆ ಬಿಡುವಿಲ್ಲ. ಕೆರೆಯ ದಂಡೆ, ಮಂಜು, ಕಿಟಕಿಯಾಚೆ ಬಂದ ನವಿಲು. ಸುಳ್ಳಲ್ಲ, ಹೇಳುವಾಗ ಕಣ್ಣಲ್ಲಿ ನೀರಾಡುತ್ತದೆ. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆಸೆಯಂತೆ. ಅದನ್ನು ಕೇಳುತ್ತ ನಿಂತ ಕೀ ಅಕ್ಕನಿಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

"ಸ್ವಲ್ಪ ನೀರು ಸಿಗತ್ತಾ?" ಎಂದು ಹೆಂಡತಿ ಮೆಲ್ಲಗೆ ಕೇಳುತ್ತಾರೆ. ತುಟಿ ಒಣಗಿ ಸಿಪ್ಪೆ ಎದ್ದಿದೆ.

ಕೀ ಅಕ್ಕ ಲೋಟದಲ್ಲಿ ಕೊಡುತ್ತಾರೆ. ಹೆಂಡತಿ ಒಂದೇ ಉಸಿರಿಗೆ ಕುಡಿದು, ಲೋಟ ಚಾಚುತ್ತಾರೆ. ಇನ್ನೊಂದು. ಅದೂ ಖಾಲಿ. ಮೂರನೆಯದನ್ನು ಕುಡಿದು, ಬಾಯೊರೆಸಿಕೊಂಡು, ಕೋಣೆಯ ಹಿಂಬದಿಯ ಶೌಚಾಲಯದ ಬಾಗಿಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುತ್ತಾರೆ.

"ಇವಳಿಗಂತೂ ತುಂಬಾ ಹಿಡಿಸಿಬಿಟ್ಟಿದೆ," ಎನ್ನುತ್ತಾರೆ ಮೆಕ್ಯಾನಿಕ್. "ಅಲ್ವೇನೇ?"

"ಹೂಂ ರೀ."

"ನೋಡಿ, ಒಂದು ದಿನಾನೂ ಇದು ಬೇಕು ಅದು ಬೇಕು ಅನ್ನಲಿಲ್ಲ. ರಾತ್ರಿ ಒಂದು ಸಲಾನೂ ನನ್ನ ಎಬ್ಬಿಸಲಿಲ್ಲ!"

ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಮೆಕ್ಯಾನಿಕ್ಕಿನ ಕಡೆ ನೂಕುತ್ತಾರೆ. "ಶುಭವಾಗ್ಲಿ. ಅಮ್ಮಾ, ಏಳನೇ ನಂಬರಿನ ಎರಡೂ ಕೀ ಕೊಟ್ಟುಬಿಡು."

ಕೀ ಅಕ್ಕ ಗೋಡೆಯಿಂದ ಗೊಂಚಲು ತೆಗೆಯುತ್ತಾರೆ. ಕೊಡಲು ಕೈ ಚಾಚುವುದಿಲ್ಲ.

"ಕೊಡಮ್ಮ, ಯಾಕೆ ನಿಂತೆ?"

"ಕೊಡ್ತೀನಿ," ಎನ್ನುತ್ತಾರೆ ಕೀ ಅಕ್ಕ. ಹೆಂಡತಿ ಏನೋ ತಿಳಿದವರಂತೆ ಥಟ್ಟನೆ ಮುಖ ಎತ್ತುತ್ತಾರೆ, ಬೇಡ ಎಂಬಂತೆ ಅರ್ಧ ತಲೆಯಾಡಿಸುತ್ತಾರೆ, ಮತ್ತೆ ಅದನ್ನೂ ನಿಲ್ಲಿಸುತ್ತಾರೆ. ಕೀ ಅಕ್ಕ ಯಜಮಾನರ ಕಡೆ ನೋಡುವುದಿಲ್ಲ. ಮೆಕ್ಯಾನಿಕ್ಕಿನ ಮುಖವನ್ನೇ ನೋಡುತ್ತಾರೆ.

"ಸರ್, ನೀವು ಸುತ್ತಾಡ್ಕೊಂಡು ಬಂದ್ರಿ. ಅಮ್ಮಾವ್ರು ಮೂರು ದಿನ ಬಾಯಾರಿಕೊಂಡೇ ಇದ್ದು ಬಂದಿದಾರೆ."