ರಂಗೂನಿನಿಂದ ನಡೆದುಬಂದವರ ಮನೆ

೧೯೪೩ರಲ್ಲಿ ನಾನು ಹೊಸಕೋಟೆ ತಾಲ್ಲೂಕಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಗೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಒಂದು ಸೈಕಲ್ಲು, ಲಸಿಕೆಯ ಪೆಟ್ಟಿಗೆ, ಇಲಿಬಿಲಗಳಿಗೆ ವಿಷದ ಪುಡಿ ಊದುವ ಒಂದು ಪಂಪು, ಇವಿಷ್ಟೇ ನನ್ನ ಸರಂಜಾಮು. ಯುದ್ಧದ ಕಾಲವಾದ್ದರಿಂದ ಸೀಮೆಎಣ್ಣೆಯಿಂದ ಔಷಧಿಯವರೆಗೆ ಎಲ್ಲದಕ್ಕೂ ಅಭಾವ. ಮಳೆಗಾಲ ಮುಗಿದು ರಾಗಿ ತೆನೆ ಕಟ್ಟುವ ಹೊತ್ತಿಗೆ ಪ್ಲೇಗು ಕಾಣಿಸಿಕೊಳ್ಳುವುದು ಆ ಕಡೆಯ ಹಳ್ಳಿಗಳಿಗೆ ಹೊಸದೇನೂ ಆಗಿರಲಿಲ್ಲ.

ಪ್ಲೇಗಿನ ಮೊದಲ ಸುದ್ದಿ ಬರುವುದು ಇಲಿಗಳಿಂದ. ಅಟ್ಟದಿಂದಲೋ ಸೂರಿನಿಂದಲೋ ಇಲಿಗಳು ತಾವಾಗಿ ಬಿದ್ದು ಸಾಯುತ್ತವೆ. ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ರ್ಯಾಟ್ ಫಾಲ್’ ಎನ್ನುತ್ತಿದ್ದೆವು. ಹಳ್ಳಿಯವರು ‘ಇಲಿ ಬೀಳೋದು’ ಎನ್ನುತ್ತಿದ್ದರು. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಚಿಗಟಗಳು ಇಳಿದು ಇನ್ನೊಂದು ಬೆಚ್ಚಗಿನ ಮೈಯನ್ನು ಹುಡುಕುತ್ತವೆ. ಆ ಮೈ ಮನುಷ್ಯನದಾದರೆ, ಎರಡರಿಂದ ಆರು ದಿನಗಳೊಳಗೆ ಜ್ವರ ಬಂದು ತೊಡೆಸಂದಿಯಲ್ಲೋ ಕಂಕುಳಲ್ಲೋ ಗೆಡ್ಡೆ ಏಳುತ್ತದೆ. ಆ ಮೇಲೆ ಬದುಕುವವರು ಕಡಿಮೆ. ಆದ್ದರಿಂದ ಇಲಿ ಬಿದ್ದ ಊರನ್ನು ಖಾಲಿ ಮಾಡಿಸಿ, ಜನರನ್ನು ಊರಾಚೆ ಬಯಲಿನ ಗುಡಿಸಲುಗಳಿಗೆ ಕಳಿಸುವುದು ನಮ್ಮ ಮೊದಲ ಕೆಲಸ. ಚುಚ್ಚುಮದ್ದು ಹಾಕುವುದು ಎರಡನೆಯದು.

ಆ ವರ್ಷ ಜಡಿಗೇನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನಲ್ಲಿ ಇಲಿ ಬಿತ್ತು. ಸಂಬಂಧಪಟ್ಟವರು ಈಗಲೂ ಅಲ್ಲಿರುವುದರಿಂದ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ಪಟೇಲರು ತಿಳಿದವರು. ನಾನು ಹೋಗುವಷ್ಟರಲ್ಲೇ ಗೋಮಾಳದಲ್ಲಿ ಗುಡಿಸಲು ಏಳತೊಡಗಿದ್ದವು. ಜನ ಪಾತ್ರೆಪಗಡ ಹೊತ್ತು, ದನ ಹೊಡೆದುಕೊಂಡು ಹೊರಟಿದ್ದರು.

“ಒಂದೇ ಒಂದು ಮನೆ ಕಷ್ಟ ಐತೆ ಸ್ವಾಮಿ,” ಎಂದರು ಪಟೇಲರು. “ಬರ್ಮಾದಿಂದ ಬಂದೋನು, ಮುನಿಶಾಮಪ್ಪ ಅಂತ. ಯಾರ ಮಾತೂ ಕೇಳಕ್ಕಿಲ್ಲ.”

ಮುನಿಶಾಮಪ್ಪ ಹುಡುಗುಪ್ರಾಯದಲ್ಲಿ ಮದರಾಸಿನಿಂದ ಹಡಗು ಹತ್ತಿ ರಂಗೂನಿಗೆ ಹೋಗಿದ್ದವನು. ಅಲ್ಲಿ ಅಕ್ಕಿಗಿರಣಿಯಲ್ಲಿ ಮೂಟೆ ಹೊತ್ತು, ಕೊನೆಗೆ ಮೇಸ್ತ್ರಿಯಾಗಿದ್ದ. ನಡುವೆ ಒಮ್ಮೆ ಊರಿಗೆ ಬಂದು ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ಒಬ್ಬ ಮಗ, ಒಬ್ಬಳು ಮಗಳು. ಇಬ್ಬರೂ ಅಲ್ಲೇ ಹುಟ್ಟಿ ಬೆಳೆದವರು. ರಂಗೂನಿನ ಮೇಲೆ ಜಪಾನಿನವರ ಬಾಂಬು ಬಿದ್ದಾಗ ಲಕ್ಷಾಂತರ ಭಾರತೀಯರು ಊರು ಬಿಟ್ಟರಲ್ಲ, ಅವರ ಜೊತೆ ಇವನೂ ಹೊರಟ. ಟ್ರಾಮ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ನಾರಾಯಣ ಬರುವುದಿಲ್ಲ ಎಂದುಬಿಟ್ಟ. ಉಳಿದ ಮೂವರು ಅರಾಕಾನ್ ಬೆಟ್ಟಗಳನ್ನು ನಡೆದು ದಾಟುವಾಗ ಹೆಂಡತಿ ಕಾಲರಾದಿಂದ ತೀರಿಕೊಂಡಳು. ಅಪ್ಪ, ಮಗಳು ಚಿತ್ತಗಾಂಗ್ ಸೇರಿ, ಅಲ್ಲಿಂದ ರೈಲಿನಲ್ಲಿ ಊರು ತಲುಪಿದ್ದರು.

ನಾನು ಹೋದಾಗ ಆತ ಹೊಸ್ತಿಲಿಗೆ ಅಡ್ಡಲಾಗಿ ಕೂತಿದ್ದ. ಆತ ಹುಟ್ಟಿ ಬೆಳೆದ, ತಮ್ಮ ಈಗ ಬಿಟ್ಟುಕೊಟ್ಟಿದ್ದ ನಾಡಹಂಚಿನ ಹಳೆಯ ಮನೆ. ತಮ್ಮನ ಸಂಸಾರ ಆಗಲೇ ಗೋಮಾಳಕ್ಕೆ ಹೋಗಿತ್ತು. ಒಳಗೆ ಕಣಜದ ಪಕ್ಕದಲ್ಲಿ ಸತ್ತ ಇಲಿಗಳು ನನಗೇ ಕಂಡವು.

“ನಾನು ಈ ಮನೆಗೆ ಗಾಡೀಲಿ ಬಂದಿಲ್ಲ ಸ್ವಾಮಿ, ಕಾಲ್ನಡಿಗೇಲಿ ಬಂದಿವ್ನಿ,” ಎಂದ. “ದಾರೀಲಿ ಹೆಂಡ್ತೀನ ಮಣ್ಣು ಮಾಡಿ ಬಂದಿವ್ನಿ. ಇನ್ನ ನನ್ನ ಈ ಹೊಸ್ತಿಲು ದಾಟಿಸಬ್ಯಾಡಿ.”

“ಊರಾಚೆ ಗುಡಿಸಲಿಗೆ ಕಣಪ್ಪ, ಕೂಗಿದರೆ ಕೇಳೋ ದೂರ. ರೋಗ ಇಳಿದ ಮೇಲೆ ವಾಪಸು ಬರ್ತೀಯ.”

“ರಂಗೂನಲ್ಲೂ ಹಿಂಗೇ ಅಂದ್ರು. ನಾಲ್ಕು ದಿನ ಊರಾಚೆ ಇರಿ, ಬಾಂಬು ನಿಂತ್ಮೇಲೆ ಬರೀರಂತೆ ಅಂದ್ರು.”

ಚುಚ್ಚುಮದ್ದನ್ನೂ ಬೇಡವೆಂದ. ಬರ್ಮಾದ ದಾರಿಯಲ್ಲಿ ಅವನ ಹೆಂಡತಿಗೂ ಕಾಲರಾಕ್ಕೆ ಚುಚ್ಚಿದ್ದರಂತೆ, ಆದರೂ ಅವಳು ಉಳಿಯಲಿಲ್ಲವಂತೆ. ಚುಚ್ಚುಮದ್ದು ರೋಗದ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಒಳಗಿನಿಂದ ಮಗಳು ಬಂದು ತಾನಾಗಿ ತೋಳು ಚಾಚಿದಳು. ಹೆಸರು ಪಿಳ್ಳಮ್ಮ, ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಇಪ್ಪತ್ತರ ಒಳಗಿನ ವಯಸ್ಸು. ಊರಿನವರು ನನ್ನನ್ನು ಸ್ವಾಮಿ ಎಂದರೆ ಇವಳು ಸಾರ್ ಎಂದಳು. ಅನ್ನ ತಿಂದು ಬೆಳೆದವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ ಎಂದು ಊರ ಹೆಂಗಸರು ಆಡಿಕೊಂಡು ನಗುತ್ತಿದ್ದರು. ‘ಬರ್ಮಾದೋಳು’ ಎಂದೇ ಅವಳನ್ನು ಕರೆಯುತ್ತಿದ್ದರು.

“ಅಪ್ಪ ದಿನಾ ಈ ಮನೆ ಕತೆ ಹೇಳ್ತಿತ್ತು ಸಾರ್,” ಎಂದಳು. “ತೊಟ್ಟೀಲಿ ಬೆಳದಿಂಗಳು ತುಂಬ್ಕೊಳ್ಳತ್ತೆ ಅಂತಿತ್ತು. ಬಾವಿ ನೀರು ಸಕ್ಕರೆ ಅಂತಿತ್ತು. ಅಮ್ಮ ಕೇಳಿ ಅಳ್ತಿತ್ತು, ನಾನೂ ಅಣ್ಣನೂ ನಗ್ತಿದ್ವಿ. ಒಂದಿನ ಅಣ್ಣ ರೇಗಿ ಅಪ್ಪಂಗೆ ಹೇಳ್ಬಿಡ್ತು, ಆ ಊರು ನಿನ್ನದು, ನಮ್ಮದಲ್ಲ ಅಂತ. ಅವತ್ತಿಂದ ಇಬ್ರಿಗೂ ಮಾತಿಲ್ಲ.”

ಮಸಿ ಹಿಡಿದ ತೊಲೆಗಳನ್ನು ಒಮ್ಮೆ ನೋಡಿದಳು. ಬೆಂಗಳೂರಿಗೆ ಹೋಗಿ ಯಾವುದಾದರೂ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯುತ್ತೇನೆಂದು ಅಪ್ಪನನ್ನು ಕೇಳಿದ್ದಳಂತೆ. ಅಪ್ಪ ತನ್ನ ಅಕ್ಕನ ಮಗನಿಗೆ ಕೊಡುತ್ತೇನೆ, ಊರಲ್ಲೇ ಇರು ಎಂದಿದ್ದನಂತೆ.

ಒಪ್ಪದವರನ್ನು ಬಲವಂತವಾಗಿ ಕಳಿಸಲು ಅಮಲ್ದಾರರ ಅಪ್ಪಣೆ ಬೇಕಿತ್ತು. ತಾಲ್ಲೂಕಿಗೆ ಅವರೇ ಮುಖ್ಯಾಧಿಕಾರಿ. ಮಾರನೆಯ ದಿನ ಹೊಸಕೋಟೆಯಿಂದ ಅಪ್ಪಣೆ ತಂದೆ. ಊರ ಕಾವಲಿನ ತಳವಾರ ಮತ್ತು ಇನ್ನಿಬ್ಬರು ಮುನಿಶಾಮಪ್ಪನನ್ನು ಕೂತಿದ್ದ ಹಾಗೇ ಎತ್ತಿದರು. ಆತ ಕೈಕಾಲು ಆಡಿಸಲಿಲ್ಲ, ಬಯ್ಯಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಹಿಂದೆ ಮಗಳು ಗಂಟು ಹೊತ್ತು ಬಂದಳು. ಮನೆಗೆ ಬೀಗ ಹಾಕಿ ಕೀಲಿಯನ್ನು ಪಟೇಲರ ಕೈಗೆ ಕೊಟ್ಟೆ.

ಮರುದಿನ ಬೆಳಗ್ಗೆ ನಾನು ಚುಚ್ಚುಮದ್ದಿನ ಕೆಲಸದಲ್ಲಿದ್ದಾಗ ಪಿಳ್ಳಮ್ಮ ಓಡಿಬಂದಳು. ಗುಡಿಸಲಿನಲ್ಲಿ ಅಪ್ಪ ಇಲ್ಲ. ಹಿತ್ತಲ ಕಡೆಯ ಹಂಚು ತೆಗೆದು ಒಳಗಿಳಿದು ಮನೆ ಸೇರಿಕೊಂಡಿದ್ದ. ನಾನು ತಳವಾರನನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಅವಳೂ ಅದೇ ದಾರಿಯಲ್ಲಿ ಒಳಗಿಳಿದಿದ್ದಳು. ಬಾಗಿಲ ಬೀಗ ತೆಗೆದೆವು, ಆದರೆ ಒಳಗಿನಿಂದ ಅಗುಳಿ ಹಾಕಿತ್ತು. ಜನರಿಲ್ಲದ ಬೀದಿಯಲ್ಲಿ ನಿಂತಿದ್ದ ನನಗೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ನೀನು ಹುಟ್ಟಿದ ಊರು ನಿಂಗೆ ಮನೆ. ನಾನು ಹುಟ್ಟಿದ ಊರು ನಂಗೆ ಮನೆ ಅಲ್ವಾ ಅಪ್ಪಾ? ಅಲ್ಲಿಂದ ನನ್ನ ಎಬ್ಬಿಸ್ಕೊಂಡು ಬರುವಾಗ ನೀನು ಕೇಳಿದ್ಯಾ?”

“ಅಲ್ಲಿ ಬಾಂಬು ಬೀಳ್ತಿತ್ತು ಕಣಮ್ಮಿ.”

“ಇಲ್ಲಿ ಇಲಿ ಬೀಳ್ತಾವೆ.”

ಮತ್ತೆ ಪಿಳ್ಳಮ್ಮನ ದನಿಯೇ ಕೇಳಿತು.

“ಅಮ್ಮ ಬೆಟ್ಟದಲ್ಲಿ ಸತ್ತಾಗ ಇನ್ನೇನು ಊರು ಬಂತು, ನಡಿ ಅಂದೆ. ನಡೆದೆ. ಈಗ ನಾನೂ ಇಲ್ಲೇ ಕೂತ್ಕೊಂಡಿವ್ನಿ. ನೀನು ಎದ್ರೆ ಏಳ್ತೀನಿ. ಇಲ್ದಿದ್ರೆ ಇಲ್ಲ.”

“ನೀನು ಹೋಗಮ್ಮಿ. ನನ್ನ ಬಿಟ್ಬಿಡು.”

“ಬಿಡಕ್ಕೆ ಇನ್ಯಾರವ್ರೆ ನಂಗೆ?”

ಬಾಗಿಲು ಬಡಿದೆ. ಪಿಳ್ಳಮ್ಮ, ಆ ಮನೆಯಲ್ಲಿ ಒಂದು ಗಳಿಗೆಯೂ ಇರಬೇಡ, ಹೊರಗೆ ಬಂದು ಮಾತಾಡು ಎಂದು ಕೂಗಿದೆ. “ಅಪ್ಪ ಬರ್ತದೆ ಸಾರ್, ನೀವು ನಿಲ್ಲಬೇಡಿ,” ಎಂದು ಒಳಗಿನಿಂದಲೇ ಹೇಳಿದಳು. ಬಾಗಿಲು ಒಡೆಯಲು ತಳವಾರನೊಬ್ಬನಿಂದ ಆಗಲಿಲ್ಲ. ಇಲಿ ಸತ್ತ ಮನೆಗೆ ಊರಿನ ಬೇರೆ ಯಾರೂ ಕೈಹಾಕಲು ಒಪ್ಪಲಿಲ್ಲ. ಹೊಸಕೋಟೆಗೆ ಸೈಕಲ್ಲು ತುಳಿದು ಪೊಲೀಸರನ್ನು ಕೇಳಿಕೊಂಡೆ.

ಮಾರನೆಯ ದಿನ ಪೊಲೀಸ್ ದಫೇದಾರನೊಂದಿಗೆ ನಾನು ಬಂದಾಗ ಬಾಗಿಲು ತೆರೆದಿತ್ತು. ತಂದೆ ಮಗಳು ಬೀದಿಯಲ್ಲಿ ನಡೆದು ಬರುತ್ತಿದ್ದರು. ಮುನಿಶಾಮಪ್ಪನ ತಲೆಯ ಮೇಲೆ ಒಂದು ಚಾಪೆ, ಕೈಯಲ್ಲಿ ಒಂದು ಚೊಂಬು. ನನ್ನನ್ನು ಕಂಡು ನಿಂತ.

“ಗೆದ್ದುಬಿಟ್ಲು ಸ್ವಾಮಿ ನನ್ನ ಮಗಳು,” ಎಂದ. “ಲಡಾಯಿ ಮುಗೀಲಿ, ಅವರಣ್ಣನ ಹತ್ರ ಕಳಿಸ್ಕೊಡ್ತೀನಿ ಅಂತ ಮಾತು ಕೊಟ್ಟಿವ್ನಿ. ಇಲ್ಲೇ ಕಟ್ಟಿಹಾಕಿದ್ರೆ ಏನು ಬಂತು?”

ಪಿಳ್ಳಮ್ಮ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪನ ತೋಳನ್ನು ತಾನೇ ಹಿಡಿದು ನನ್ನ ಮುಂದೆ ಚಾಚಿಸಿ ಚುಚ್ಚುಮದ್ದು ಹಾಕಿಸಿದಳು. ಅಂದು ನಾನು ಕೆಲಸ ಚೆನ್ನಾಗಿ ಮುಗಿಯಿತೆಂಬ ಸಮಾಧಾನದಲ್ಲಿ ಹೊಸಕೋಟೆಗೆ ಮರಳಿದೆ.

ಅದೇ ವಾರ ಅವಳಿಗೆ ಜ್ವರ ಬಂತು. ತೊಡೆಸಂದಿಯ ಗೆಡ್ಡೆ ನೋಡಿದ ಮೇಲೆ ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಹೊಸಕೋಟೆಯ ವೈದ್ಯರು ತಮ್ಮಲ್ಲಿ ಉಳಿದಿದ್ದ ಸಲ್ಫಾ ಮಾತ್ರೆಗಳನ್ನು ಕೊಟ್ಟರು. ಆ ಕಾಲಕ್ಕೆ ಪ್ಲೇಗಿಗೆ ಅಷ್ಟಿಷ್ಟು ಕೆಲಸ ಮಾಡುತ್ತಿದ್ದ ಔಷಧಿ ಅದೊಂದೇ. ಬಹುಪಾಲು ಸೈನ್ಯದ ಆಸ್ಪತ್ರೆಗಳಿಗೆ ಹೋಗುತ್ತಿದ್ದುದರಿಂದ ನಮಗೆ ಸಿಕ್ಕಿದ್ದು ತೀರ ಕಡಿಮೆ. ರೋಗಿಯನ್ನು ಬೇರೆಯಾಗಿ ಇಡಬೇಕಾದ್ದರಿಂದ ಗೋಮಾಳದ ಅಂಚಿನಲ್ಲಿ ಒಂದು ಚಪ್ಪರ ಹಾಕಿಸಿದೆ. ಮುನಿಶಾಮಪ್ಪ ಅಲ್ಲಿಂದ ಕದಲಲಿಲ್ಲ. ತಮ್ಮನ ಮನೆಯವರು ದೂರದಲ್ಲಿ ಗಂಜಿ ಇಟ್ಟು ಹೋಗುತ್ತಿದ್ದರು.

ಕೊನೆಯ ದಿನ ನಾನು ಹೋದಾಗ ಅವಳಿಗೆ ಪ್ರಜ್ಞೆ ತಪ್ಪಿ ತಪ್ಪಿ ಬರುತ್ತಿತ್ತು. ಬಿಡದೆ ಏನೋ ಮಾತಾಡುತ್ತಿದ್ದಳು. ಕನ್ನಡವಲ್ಲ.

“ಏನು ಹೇಳ್ತಿದಾಳಪ್ಪ?” ಎಂದು ಕೇಳಿದೆ.

“ಮನೆಗೆ ಹೋಗಾಣ ಅಂತಾಳೆ ಸ್ವಾಮಿ. ಕತ್ತಲಾಯ್ತು, ಟ್ರಾಮು ನಿಂತೋಗ್ತದೆ, ಬೇಗ ನಡಿ ಅಂತಾಳೆ.”

ಆಮೇಲೆ ಆತ ಅವಳ ಕಿವಿಯ ಹತ್ತಿರ ಬಾಗಿ ಅದೇ ಭಾಷೆಯಲ್ಲಿ ಎರಡು ಮಾತು ಹೇಳಿದ. ಊರಿಗೆ ಬಂದ ಮೇಲೆ ಆತ ಬರ್ಮಾ ಭಾಷೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಆತನೇ ನನ್ನ ಕಡೆ ತಿರುಗಿ, “ಹೋಗಾಣ ಅಂದೆ,” ಎಂದ. ಮಧ್ಯಾಹ್ನದ ಬಿಸಿಲು ಇಳಿಯುವ ಮುಂಚೆಯೇ ಅವಳು ಹೋಗಿಬಿಟ್ಟಳು.

ಪ್ಲೇಗಿನ ಹೆಣವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕೆಂಬುದು ನಿಯಮ. ಹೊರಲು ಯಾರೂ ಮುಂದೆ ಬರಲಿಲ್ಲ. ಊರಿನವರನ್ನು ನಾನು ದೂರುವುದಿಲ್ಲ, ಅವರಿಗೂ ಮಕ್ಕಳಿದ್ದರು. ತಳವಾರ, ನಾನು, ಆ ತಂದೆ ಮೂವರೇ ಗೋಮಾಳದ ಮೂಲೆಯಲ್ಲಿ ಮಣ್ಣು ಮಾಡಿದೆವು. ಕೈ ತೊಳೆಯುವಾಗ ಮುನಿಶಾಮಪ್ಪ ಕೇಳಿದ:

“ಸ್ವಾಮಿ, ಇದು ಮನೆಯಿಂದ ಬಂತೋ ಗುಡಿಸಲಿಂದ ಬಂತೋ?”

ಗುಡಿಸಲುಗಳಲ್ಲಿ ಇನ್ನಾರಿಗೂ ರೋಗ ಬಂದಿರಲಿಲ್ಲ. ಇಲಿ ಸತ್ತಿದ್ದು ಆ ಮನೆಯಲ್ಲಿ. ಅವಳು ಅಪ್ಪನನ್ನು ಎಬ್ಬಿಸಲು ಹಟ ಹಿಡಿದು ಕೂತದ್ದು ಆ ಕಣಜದ ಪಕ್ಕದಲ್ಲಿ. ಖಚಿತವಾಗಿ ಹೇಳಲು ಆಗುವುದಿಲ್ಲಪ್ಪ ಎಂದು ಶುರುಮಾಡಿದೆ. ಆತ ನನ್ನ ಮುಖವನ್ನು ನೋಡಿ, ಸಾಕು ಎನ್ನುವಂತೆ ಕೈ ಎತ್ತಿದ. ಅವಳು ಚುಚ್ಚುಮದ್ದು ಹಾಕಿಸಿಕೊಂಡಿದ್ದಳು. ಅವಳಿಗಿಂತ ಹೆಚ್ಚು ಹೊತ್ತು ಅದೇ ಮನೆಯಲ್ಲಿ, ಮದ್ದಿಲ್ಲದೆ ಕೂತಿದ್ದ ಆತನಿಗೆ ಒಂದು ಜ್ವರವೂ ಬರಲಿಲ್ಲ. ಇದಕ್ಕೆ ವಿವರಣೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಚಳಿ ಕಳೆದು ರೋಗ ಇಳಿಯಿತು. ಮನೆಗಳ ಹಂಚು ತೆಗೆಸಿ ಬಿಸಿಲು ಬೀಳಿಸಿ, ಬಿಲಗಳಿಗೆ ವಿಷದ ಪುಡಿ ಊದಿಸಿ, ಸುಣ್ಣ ಬಳಿಸಿದ ಮೇಲೆ ಊರಿಗೆ ಹಿಂತಿರುಗಲು ಅನುಮತಿ ಕೊಟ್ಟೆ. ಜನ ಗುಡಿಸಲು ಕಿತ್ತು ಗಳ, ಗರಿ ಹೊತ್ತು ಸಂಭ್ರಮದಿಂದ ಹೋದರು. ಮುನಿಶಾಮಪ್ಪ ಹೋಗಲಿಲ್ಲ. ತಮ್ಮ ಕರೆದ, ಪಟೇಲರು ಕರೆದರು. ಆ ಬಯಲಿನಲ್ಲಿ ಆತನದೊಂದೇ ಗುಡಿಸಲು ಉಳಿಯಿತು. ಊರೊಳಗಿನ ಮನೆಗೆ ಆತ ಮತ್ತೆ ಕಾಲಿಡಲಿಲ್ಲ.

೧೯೪೬ರಲ್ಲಿ, ರಂಗೂನಿಗೆ ಹಡಗುಗಳು ಮತ್ತೆ ಓಡಾಡತೊಡಗಿದ ಮೇಲೆ, ಪ್ಯಾಂಟು ಷರಟು ತೊಟ್ಟ ಒಬ್ಬ ಯುವಕ ಹೊಸಕೋಟೆಯ ನನ್ನ ಕಚೇರಿಗೆ ಬಂದ. ತಾನು ನಾರಾಯಣ, ಪಿಳ್ಳಮ್ಮನ ಅಣ್ಣ ಎಂದ. ಯುದ್ಧದಲ್ಲಿ ಹೇಗೋ ಬದುಕಿ ಉಳಿದಿದ್ದ. ಅಲ್ಲೇ ಮದುವೆಯಾಗಿ ಒಂದು ಮಗುವೂ ಆಗಿತ್ತು. ಅಪ್ಪ ಅಮ್ಮ ತಂಗಿ ಮೂವರೂ ಊರಿನಲ್ಲಿರುತ್ತಾರೆಂದು ನಂಬಿ ಬಂದವನಿಗೆ ಎಲ್ಲ ತಿಳಿದದ್ದು ಹಿಂದಿನ ದಿನ. ತಂಗಿಯನ್ನು ಹೂಳಿದ ಜಾಗ ತೋರಿಸಿ ಎಂದು ಕೇಳಿದ. ಆ ಜಾಗವನ್ನು ಅಪ್ಪ ತೋರಿಸಲಾರದೆ ನನ್ನ ಬಳಿ ಕಳಿಸಿದ್ದನಂತೆ.

ಅವನನ್ನು ಕರೆದುಕೊಂಡು ಹೋದೆ. ಗೋಮಾಳ ಗುರುತು ಸಿಗದಂತೆ ಬದಲಾಗಿತ್ತು. ಯುದ್ಧಕಾಲದ ಆಹಾರದ ಅಭಾವಕ್ಕೆಂದು ಸರ್ಕಾರ ಬೀಳುಭೂಮಿಯನ್ನೆಲ್ಲ ಸಾಗುವಳಿಗೆ ಕೊಟ್ಟಿತ್ತು. ಮುನಿಶಾಮಪ್ಪನ ಗುಡಿಸಲೊಂದನ್ನು ಬಿಟ್ಟು ಮೂಲೆಯಿಂದ ಮೂಲೆಗೆ ಉತ್ತು ಹುರುಳಿ ಹಾಕಿದ್ದರು. ಮುನಿಶಾಮಪ್ಪ ಬದುವಿನ ಮೇಲೆ ನಿಂತಿದ್ದ. ನಾನು ಅಂದಾಜಿನಲ್ಲಿ ಒಂದು ಕಡೆ ಕೈ ತೋರಿಸಿದೆ. ತಂದೆ ಇನ್ನೊಂದು ಕಡೆ ನೋಡುತ್ತಿದ್ದ. ನಾರಾಯಣ ಎರಡೂ ಕಡೆ ನೋಡಿ, ಚಪ್ಪಲಿ ಬಿಟ್ಟು, ಹುರುಳಿಯ ಬಳ್ಳಿಗಳ ನಡುವೆ ನಡೆದು ಹೋಗಿ ಕೈಮುಗಿದ. ಹಿಂತಿರುಗಿ ಬಂದಾಗ ಮುನಿಶಾಮಪ್ಪ ಅವನ ಕೈ ಹಿಡಿದುಕೊಂಡ.

“ನನ್ನೂ ಕರ್ಕೊಂಡೋಗ್ಲಾ ನಾರಾಯಣ. ಇಲ್ಲಿ ನಂಗೇನೂ ಇಲ್ಲ. ಮೊಮ್ಮಗೂನ ಎತ್ಕೊಂಡು ಓಡಾಡ್ಕೊಂಡಿರ್ತೀನಿ.”

ಮಗ ಕೈ ಬಿಡಿಸಿಕೊಳ್ಳಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಅಮ್ಮನ್ನ ಬೆಟ್ಟದಲ್ಲಿ ಬಿಟ್ಟೆ. ಇವಳನ್ನ ಇಲ್ಲಿ ಹೂಳ್ದೆ. ಇಷ್ಟೆಲ್ಲ ಕೊಟ್ಟು ಸೇರ್ಕೊಂಡ ಊರಪ್ಪಾ ಇದು. ಇಲ್ಲೇ ಇರು.”

ಅಂದು ಸಂಜೆ ಅವನು ಬೆಂಗಳೂರಿನ ಬಸ್ಸು ಹತ್ತಿದ. ಮುಂದಿನ ವರ್ಷ ನನಗೆ ನೆಲಮಂಗಲಕ್ಕೆ ವರ್ಗವಾಯಿತು. ಮುನಿಶಾಮಪ್ಪ ಅದೇ ಗುಡಿಸಲಿನಲ್ಲಿ ತೀರಿಕೊಂಡನೆಂದು ಪಟೇಲರು ಹೇಳಿ ಕಳಿಸಿದರು.

ಆಮೇಲೂ ಎಷ್ಟೋ ಊರುಗಳನ್ನು ಖಾಲಿ ಮಾಡಿಸಿದ್ದೇನೆ. ಹಟ ಹಿಡಿದು ಕೂತವರು ಸಿಕ್ಕಾಗ, ಇದಕ್ಕೆ ಮುಂಚೆ ಎಲ್ಲಿದ್ದಿರಿ, ಅಲ್ಲಿಂದ ಯಾಕೆ ಬಂದಿರಿ ಎಂದು ಕೇಳುವ ಅಭ್ಯಾಸವಾಯಿತು. ಜಮೀನು ಮುಳುಗಿ ಬಂದವರಿದ್ದರು, ಗಂಡನ ಮನೆಯಿಂದ ಹೊರದಬ್ಬಿಸಿಕೊಂಡು ಬಂದವರಿದ್ದರು. ಹೊಸ್ತಿಲು ಬಿಡದೆ ಕೂತವರಲ್ಲಿ ಮೂರ್ಖರು ಬಹಳ ಕಡಿಮೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕಲಿತದ್ದರಿಂದ ಯಾರಿಗೆ ಏನು ಉಪಕಾರವಾಯಿತೋ ಹೇಳಲಾರೆ. ಅವರು ಹೇಳಿದ್ದನ್ನೆಲ್ಲ ಕೂತು ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿಕೊಂಡ ಮೇಲೆ ಎಬ್ಬಿಸುತ್ತಿದ್ದೆ.